ಕೊರಳಿನಿಂದ ಇಳಿದ ಲಿಂಗ

ಡೊಂಬಿವಲಿ
೮-೨-೨೦೧೮, ಗುರುವಾರ

ಮಗಳು ಪೂನಂಗೆ ನಿನ್ನ ಅವ್ವನ ಆಶೀರ್ವಾದ. ಶಿವ ನಿನ್ನ ಮನೆಯನ್ನು ತಣ್ಣಗಿಡಲಿ.

ಅಪ್ಪ ಯಾಕೆ ಇಷ್ಟು ಸೊರಗಿದ್ದಾರೆ ಎಂದು ನೀನು ಫೋನಿನಲ್ಲಿ ಅವರ ಮುಖ ನೋಡಿ ಕೇಳಿದಾಗ ನಾನು ಬೇರೆ ಮಾತು ತೆಗೆದೆ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ದುಡಿಯುತ್ತಿದ್ದ ಕಲ್ಯಾಣದ ಸೀರೆ ಅಂಗಡಿ ದೀಪಾವಳಿ ಮುಗಿಯುತ್ತಲೇ ಮುಚ್ಚಿದ್ದು ನಿನಗೆ ಗೊತ್ತು. ಗಿರಾಕಿಗಳು ಬರುತ್ತಿದ್ದರು. ರಾಶಿ ಸೀರೆ ಬಿಚ್ಚಿಸಿ, ಮುಟ್ಟಿ ನೋಡಿ, ಫೋಟೋ ಹೊಡೆದುಕೊಂಡು ಹೋಗುತ್ತಿದ್ದರು. ನಮ್ಮದು ಅಂಗಡಿ ಅಲ್ಲ ಬಸಲಿಂಗಪ್ಪ, ಮ್ಯೂಸಿಯಂ, ನಾಳೆಯಿಂದ ಟಿಕೀಟು ಇಡೋಣ ಎಂದು ಸೇಠ್ ನಗುತ್ತಿದ್ದರಂತೆ.

ಸಂಕ್ರಾಂತಿಯಿಂದ ಅಪ್ಪ ಭಿವಂಡಿಯ ಗೋದಾಮಿಗೆ ಹೋಗುತ್ತಿದ್ದರು. ನೀವೆಲ್ಲ ಫೋನಿನಲ್ಲಿ ಕೊಳ್ಳುವ ಸಾಮಾನು ಅಲ್ಲಿಂದಲೇ ಹೊರಡುತ್ತದೆ. ಕಳವು ಆಗಬಾರದೆಂದು ಗೇಟಿನಲ್ಲಿ ಮೈ ತಡವುತ್ತಾರೆ. ಮೊದಲ ದಿನವೇ ಕೊರಳಿನ ಲಿಂಗದ ಬೆಳ್ಳಿ ಕರಡಿಗೆಗೆ ಯಂತ್ರ ಕೂಗಿತು. ಮರುದಿನ ನಾನು ಲಿಂಗವನ್ನು ಬರೀ ವಸ್ತ್ರದಲ್ಲಿ ಸುತ್ತಿ ಕಟ್ಟಿದೆ. ಕಾವಲಿನವನು ಅದನ್ನೂ ಬಿಚ್ಚಿಸಿ, ಏನು ಚಾಚಾ, ಇದರೊಳಗೆ ಸಿಮ್ ಹಾಕ್ತೀಯಾ ಎಂದನಂತೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಲಾಕರಿನಲ್ಲಿಡು, ಇಲ್ಲವಾದರೆ ಮನೆಗೆ ನಡೆ ಎಂದರು. ಕಂಡವರ ಚಪ್ಪಲಿಯ ಜೊತೆ ಹೇಗೆ ಇಟ್ಟಾರು? ಮನೆಯಲ್ಲೇ ದೇವರ ಜಗಲಿಯ ಮೇಲೆ ಇಟ್ಟು ಹೋಗತೊಡಗಿದರು.

ದೀಕ್ಷೆಯಾದಂದಿನಿಂದ ಮೈಮೇಲಿಂದ ಇಳಿಯದ ಲಿಂಗ. ಅದಿಲ್ಲದೆ ಗುಟುಕು ನೀರೂ ಕುಡಿಯಬಾರದೆಂದು ನಿನಗೂ ಕಲಿಸಿದ್ದೇವೆ. ಬುತ್ತಿ ಕಟ್ಟಿದ ಹಾಗೇ ತಿರುಗಿ ಬರುತ್ತಿತ್ತು. ಉಣ್ಣಿರಿ, ಶಿವನಿಗೆ ನಮ್ಮ ಕಷ್ಟ ತಿಳಿಯುತ್ತದೆ ಎಂದೆ. ಶಿವಗ ತಿಳೀತದ, ನನಗ ತುತ್ತು ಇಳಿಯೂದಿಲ್ಲ ಎಂದರು.

ಮೊನ್ನೆ ಸಾಮಾನಿನ ಕಪಾಟುಗಳ ನಡುವೆ ತಲೆ ತಿರುಗಿ ಬಿದ್ದರು. ಇನ್ನು ಬರುವುದು ಬೇಡ ಎಂದು ಹೇಳಿ ಕಳಿಸಿದ್ದಾರೆ. ಈಗ ಲಿಂಗ ಕೊರಳಲ್ಲಿದೆ, ಗಂಜಿ ಕುಡಿಯುತ್ತಾರೆ. ಸೋಮವಾರದಿಂದ ನಾನು ಸ್ಟೇಷನ್ ಹತ್ತಿರದ ಪೋಳಿ-ಭಾಜಿ ಕೇಂದ್ರಕ್ಕೆ ಚಪಾತಿ ಲಟ್ಟಿಸಲು ಹೋಗುತ್ತೇನೆ. ಮನೆ ನಡೆಯುತ್ತದೆ, ನೀನು ಚಿಂತೆ ಹಚ್ಚಿಕೊಳ್ಳಬೇಡ. ಅಳಿಯಂದಿರಿಗೆ ಶರಣು ಹೇಳು.

ನಿನ್ನ ಅವ್ವ,
ಈರವ್ವ

ತಾ.ಕ.: ಇಲ್ಲಿಯವರೆಗಿನದನ್ನು ಅಪ್ಪ ಓದಿದ್ದಾರೆ. ಇದನ್ನು ಪೋಸ್ಟ್ ಆಫೀಸಿನಲ್ಲಿ ನಿಂತು ಬರೆಯುತ್ತಿದ್ದೇನೆ. ಚಪಾತಿ ಕೆಲಸ ನನಗೆ ಸಿಗಲಿಲ್ಲ. ಅದೇ ಗೋದಾಮಿನಲ್ಲಿ ಹೆಂಗಸರಿಗೆ ಪ್ಯಾಕಿಂಗ್ ಕೆಲಸವಿದೆ. ಗೇಟೂ ಅದೇ. ನನ್ನ ಕೊರಳಿನ ಲಿಂಗವನ್ನು ಮನೆಯ ಕಪಾಟಿನಲ್ಲಿ ಸೀರೆಗಳ ಅಡಿಗೆ ಇಟ್ಟು ಹೋಗುತ್ತೇನೆ, ಜಗಲಿಯ ಮೇಲಿಟ್ಟರೆ ಅವರ ಕಣ್ಣಿಗೆ ಬೀಳುತ್ತದೆ. ನಾನು ಅಲ್ಲಿ ಉಣ್ಣುತ್ತೇನೆ, ಪೂನಂ. ನಾನೂ ಬಿದ್ದರೆ ಆಗುವುದಿಲ್ಲ. ಶಿವನಿಗೆ ಹೇಗಾದರೂ ಉತ್ತರ ಹೇಳಿಯೇನು, ಅಪ್ಪನಿಗೆ ಹೇಳಲಾರೆ. ನೀನು ಬಂದಾಗ ಬಾಯಿ ಬಿಡಬೇಡ.