ಹನ್ನೊಂದು ಗಂಟೆಯ ಕುರ್ಚಿ

ಅಪ್ಪ,

ಒಲೆಯ ಮೇಲೆ ಮೀನಿನ ಸೂಪ್ ಇದೆ, ಬಿಸಿ ಮಾಡಿಕೋ. ಮೊಣಕಾಲಿನ ಮಾತ್ರೆ ಖಾಲಿ ಹೊಟ್ಟೆಗೆ ನುಂಗಬೇಡ. ನಾಯಿಗೆ ಊಟ ಆಗಿದೆ, ಅದರ ನಾಟಕ ನಂಬಬೇಡ.

ನಾನು ಉತ್ಸವದ ಹಾಲ್‌ಗೆ ಹೊರಟೆ. ಮಂಜು ಕವಿದು ಫೆರಿ ನಿಂತಿದೆಯಂತೆ. ಹ್ಯಾಲಿಫ್ಯಾಕ್ಸಿನ ಕಾದಂಬರಿಕಾರರು ಆಚೆ ದಡದಲ್ಲೇ ಸಿಕ್ಕಿಬಿದ್ದಿದ್ದಾರೆ. ಹನ್ನೊಂದು ಗಂಟೆಗೆ ಅವರ ಕುರ್ಚಿ ಖಾಲಿ. ಬೆಳಿಗ್ಗೆಯೇ ಕಮಿಟಿಯವರ ಫೋನ್: "ನಿಮ್ಮಪ್ಪನ್ನ ಕೂರ್ಸು ಲಿಯೋನಾ, ಬಲೆಗೆ ತಿಮಿಂಗಿಲ ಬಿದ್ದ ಕತೆ ಹೇಳ್ಲಿ."

ಏಪ್ರಿಲ್‌ನಲ್ಲಿ ಅದೇ ಕತೆ ಹೇಳುತ್ತೇನೆಂದು ನೀನಾಗಿಯೇ ಕೇಳಿದಾಗ, ಕಮಿಟಿಯವರೆಲ್ಲರ ಎದುರು "ಅಪ್ಪ, ಇದು ಸಾಹಿತ್ಯೋತ್ಸವ, ಬಂದರಿನ ಕಟ್ಟೆ ಹರಟೆ ಅಲ್ಲ" ಅಂದವಳು ನಾನು. ಎಲ್ಲರಿಗಿಂತ ಜೋರಾಗಿ ನಕ್ಕವನು ನೀನು. ನಿನ್ನೆ ಹಾಲ್ ತುಂಬ ಕುರ್ಚಿ ಹೊತ್ತು ಹಾಕಿ ಮೊಣಕಾಲು ಊದಿಸಿಕೊಂಡವನೂ ನೀನೇ. ವೇದಿಕೆಯ ಆ ಕುರ್ಚಿಯನ್ನೂ ನೀನೇ ಒರೆಸಿಟ್ಟೆ.

ಬರುವುದಾದರೆ ದಿನಾ ಹಾಕುವ ಸ್ವೆಟರ್ ಸಾಕು. ಮೀನಿನ ವಾಸನೆ ಬಂದರೆ ಬರಲಿ.

ಬೇಕಂತಲೇ ನಿನ್ನನ್ನು ಎಬ್ಬಿಸಲಿಲ್ಲ. ಎದುರು ನಿಂತು ಕೇಳಿದರೆ ನನ್ನ ಮಾತು ಮುಗಿಯುವ ಮೊದಲೇ ಹೂಂ ಅಂದುಬಿಡುತ್ತೀಯ. ಆಗುವುದಿಲ್ಲ ಅನ್ನಲು ಒಂದು ಸಲ ನಿನಗೂ ಅವಕಾಶ ಇರಲಿ.

ಲಿಯೋನಾ