ತಾಯಿ ಗೇಜು

ಮಾರ್ಚ್ ೧೧, ಭಾನುವಾರ

ಪ್ರೀತಿಯ ಪುಟ್ಟಿಗೆ,

ಚಿಕ್ಕಪ್ಪನ ಆಶೀರ್ವಾದ. ಆರೋಗ್ಯವಾಗಿದ್ದೇನೆ ಅಂತ ಬರೆದರೆ ನನ್ನ ಮಂಡಿಯೇ ನಗುತ್ತದೆ, ಇಲ್ಲ ಅಂತ ಬರೆದರೆ ನೀನು ಸಿಕ್ಕಿದ ಬಸ್ಸು ಹತ್ತಿ ಬಂದುಬಿಡುತ್ತೀಯ. ಆದ್ದರಿಂದ ಆ ವಿಷಯ ಬಿಡೋಣ.

ನಿನ್ನ ಪುಸ್ತಕದ ಹಸ್ತಪ್ರತಿ ಬಂದು ಐದು ವಾರವಾಯಿತು. "ತಾಂತ್ರಿಕ ತಪ್ಪು ಇದ್ದರೆ ಕೆಂಪು ಪೆನ್ನಲ್ಲಿ ತಿದ್ದಿ, ಹದಿನೈದು ದಿನದೊಳಗೆ ಕಳಿಸಿ" ಅಂತ ನೀನು ಚೀಟಿ ಇಟ್ಟಿದ್ದೆ. ತಡವಾಯಿತು, ಕ್ಷಮಿಸು. ಕಣ್ಣು ಮಂಜು, ಅಕ್ಷರ ಸಣ್ಣದು ಅಂತ ನೆಪ ಹೇಳಬಹುದು. ನಿಜವೇನೆಂದರೆ ಮೂರು ಸಲ ಬರೆದು ಮೂರು ಸಲ ಹರಿದೆ. ಮೂರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದ್ದವು. ಮೊನ್ನೆ ಫೋನಿನಲ್ಲಿ ನೀನು, "ಶುಕ್ರವಾರ ಪ್ರೆಸ್ಸಿಗೆ ಹೋಗುತ್ತೆ ಚಿಕ್ಕಪ್ಪ, ಏನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ" ಅಂದೆ. ಬಾಯಿ ಬಿಟ್ಟು ಹೇಳುವ ಧೈರ್ಯ ಬರಲಿಲ್ಲ. ಅದಕ್ಕೇ ಈ ಕಾಗದ.

ಮೊದಲು ಹೊಗಳಿಬಿಡುತ್ತೇನೆ, ಆಮೇಲೆ ಹೊಗಳಲು ನನಗೆ ಮುಖ ಇರುವುದಿಲ್ಲ. ಎರಡನೇ ಅಧ್ಯಾಯ ಓದಿ ಕುರ್ಚಿಯಿಂದ ಎದ್ದು ನಿಂತೆ. ಮೊದಲ ಥರ್ಮಾಮೀಟರು ಮಾಡಿದವರಿಗೆ ಅದು ಸರಿಯೋ ತಪ್ಪೋ ನೋಡಲು ಇನ್ನೊಂದು ಥರ್ಮಾಮೀಟರು ಇರಲಿಲ್ಲ. ಒಬ್ಬ ಬೆಣ್ಣೆ ಕರಗುವ ಕಾವನ್ನು ಆಧಾರವಾಗಿ ಹಿಡಿದ, ಇನ್ನೊಬ್ಬ ನೆಲಮಾಳಿಗೆಯ ತಂಪನ್ನು ಹಿಡಿದ. ಅಳತೆಗೋಲನ್ನು ಅಳೆಯುವ ಕೋಲು ಯಾವುದು ಎಂಬ ಪ್ರಶ್ನೆ ಇವತ್ತಿಗೂ ಮುಗಿದಿಲ್ಲ ಅಂತ ಬರೆದಿದ್ದೀಯಲ್ಲ, ಭಲೇ! ಬಟ್ಟೆ ಗಿರಣಿಯಲ್ಲಿ ಹಬೆಯ ಒತ್ತಡ ಅಳೆಯುವ ಗೇಜುಗಳನ್ನು ಮೂವತ್ತೆಂಟು ವರ್ಷ ತಿದ್ದಿದವನು ನಾನು. ಆ ಪ್ರಶ್ನೆ ನನ್ನ ಮಂದ ತಲೆಗೆ ಸಕಾಲಕ್ಕೆ ಹೊಳೆದಿದ್ದರೆ ಹದಿಮೂರು ಜನ ಬೆಂದು ಸಾಯುತ್ತಿರಲಿಲ್ಲ.

ಈಗ ಆರನೇ ಅಧ್ಯಾಯ. ಅಲ್ಲಿ ನೀನು ಹೀಗೆ ಬರೆದಿದ್ದೀಯ: "ಬಾಯ್ಲರ್ ಕಾಯುತ್ತಿದ್ದ ನನ್ನ ತಂದೆ ಉಪಕರಣಕ್ಕಿಂತ ತನ್ನ ಕಿವಿಯನ್ನು ಹೆಚ್ಚು ನಂಬಿದರು. ಆ ಅಹಂಕಾರಕ್ಕೆ ಹದಿಮೂರು ಜನ ಬಲಿಯಾದರು, ಕೊನೆಗೆ ಅವರೂ." ಆ ಎರಡು ವಾಕ್ಯ ಹೊಡೆದು ಹಾಕು ಪುಟ್ಟಿ. ಸುಳ್ಳು. ಶುದ್ಧ ಸುಳ್ಳು. ಅದನ್ನು ನಿನಗೆ ಕಲಿಸಿದ ಪಾಪಿ ನಾನೇ. ನೀನು ಐದು ವರ್ಷದವಳಿದ್ದಾಗಿನಿಂದ ಕಲಿಸಿದ್ದೇನೆ.

ನಿನ್ನ ಅಪ್ಪನಿಗೆ ಗಿರಣಿಯಲ್ಲಿ "ಕಿವಿ" ಅಂತಲೇ ಹೆಸರು. ಇಸ್ಕೂಲಿನ ಮುಖ ನೋಡಿದವನಲ್ಲ. ಬಾಯ್ಲರ್ ಮನೆಯ ಕಬ್ಬಿಣದ ಬಾಗಿಲಿಗೆ ಒರಗಿ ಕಣ್ಣು ಮುಚ್ಚಿ ಕೂತು, "ಎರಡನೇದಕ್ಕೆ ಕಲ್ಲಿದ್ದಲು ಸಾಕು ಕಣ್ರೋ, ನೂರಾ ಹತ್ತಾಯ್ತು" ಅನ್ನುತ್ತಿದ್ದ. ಎದ್ದು ಗೇಜು ನೋಡಿದರೆ ಮುಳ್ಳು ನೂರಾ ಹತ್ತರ ಮೇಲೇ ನಿಂತಿರುತ್ತಿತ್ತು. ನನ್ನನ್ನು ಓದಿಸಿದವನೂ ಅವನೇ. ಸರ್ಟಿಫಿಕೇಟು ಹಿಡಿದು ಅದೇ ಗಿರಣಿಯ ಗೇಜು ಕೋಣೆಗೆ ಸೇರಿದಾಗ ನನಗೆ ಇಪ್ಪತ್ತನಾಲ್ಕು, ಕಾಲು ನೆಲದ ಮೇಲಿರಲಿಲ್ಲ. ಅಣ್ಣನ ಕಿವಿಯನ್ನು ಜನ ಹೊಗಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು, ನಿಜ ಹೇಳುತ್ತೇನೆ.

ಗೇಜು ಕೋಣೆಯಲ್ಲಿ ಮರದ ಪೆಟ್ಟಿಗೆಯೊಳಗೆ ಮಖಮಲ್ಲಿನ ಮೇಲೆ ಒಂದು ಗೇಜು ಇರುತ್ತಿತ್ತು. ತಾಯಿ ಗೇಜು ಅನ್ನುತ್ತಿದ್ದೆವು. ಬಾಯ್ಲರಿನ ಗೇಜಿನ ಮೇಲೆ ಅನುಮಾನ ಬಂದರೆ ಅದನ್ನು ಬಿಚ್ಚಿ ತಂದು, ಕೈಪಂಪಿನ ಮೇಲೆ ತಾಯಿಯ ಪಕ್ಕ ಕೂರಿಸಿ, ಎರಡಕ್ಕೂ ಒಂದೇ ಎಣ್ಣೆಯ ಒತ್ತಡ ಕೊಡುವುದು. ಎರಡು ಮುಳ್ಳೂ ಒಂದೇ ಅಂಕೆಗೆ ಬಂದರೆ ಸರಿ. ಬಾರದಿದ್ದರೆ ಮಗುವಿನ, ಅಂದರೆ ಬಾಯ್ಲರಿನ ಗೇಜಿನ, ಮುಳ್ಳು ಕಿತ್ತು ತಾಯಿಗೆ ಸರಿಯಾಗಿ ಕೂರಿಸುವುದು. ತಾಯಿಯನ್ನು ಮಾತ್ರ ನಾವು ಮುಟ್ಟುವಂತಿಲ್ಲ. ವರ್ಷಕ್ಕೊಮ್ಮೆ ದೊಡ್ಡ ಪರೀಕ್ಷಾಲಯಕ್ಕೆ ಹೋಗಿ, ಕಬ್ಬಿಣದ ತೂಕಗಳ ಕೆಳಗೆ ಕೂತು ಪರೀಕ್ಷೆ ಕೊಟ್ಟು ಬರುತ್ತಿತ್ತು.

ಆ ಸೋಮವಾರ ಬೆಳಿಗ್ಗೆ ಅಣ್ಣ ನನ್ನ ಕೋಣೆಗೆ ನುಗ್ಗಿದ. "ಲೋ, ಎರಡನೇ ಬಾಯ್ಲರಿನ ನಿನ್ನ ಗೇಜು ಸುಳ್ಳು ಹೇಳ್ತಿದೆ ಕಣೋ. ಮುಳ್ಳು ತೊಂಬತ್ತು ಅನ್ನುತ್ತೆ, ಬಾಯ್ಲರು ನೂರಾ ಹದಿನೈದರ ಉಸಿರು ಬಿಡುತ್ತೆ. ವಾಲ್ವು ನೋಡಿದ್ರೆ ತೊಂಬತ್ತಕ್ಕೇ ಬಾಯಿ ಬಿಡ್ತಿದೆ." ಒತ್ತಡ ಮಿತಿ ಮೀರಿದರೆ ಹಬೆ ಹೊರಬಿಡುವ ಆ ವಾಲ್ವು ಬಾಯಿ ಬಿಡಬೇಕಾದದ್ದು ನೂರಾ ಹದಿನೈದು ಪೌಂಡಿಗೆ. ಅಂದರೆ ಅವನ ಕಿವಿ, ವಾಲ್ವು ಎರಡೂ ಒಂದೇ ಮಾತು ಹೇಳುತ್ತಿದ್ದವು. ಗೇಜು ಮಾತ್ರ ಬೇರೆ ಹೇಳುತ್ತಿತ್ತು. "ನಿನ್ನ ಕಿವಿಗಿಂತ ವಿಜ್ಞಾನ ದೊಡ್ದು ಅಣ್ಣ, ಸಂಜೆ ಬಾ, ತೋರಿಸ್ತೀನಿ" ಅಂದೆ.

ಬಾಯ್ಲರಿನ ಗೇಜು ಬಿಚ್ಚಿ ತಂದು, ತಾಯಿಯ ಪೆಟ್ಟಿಗೆ ತೆಗೆದೆ. ಕೈಯಲ್ಲಿ ಎಣ್ಣೆ ಇತ್ತು. ತಾಯಿ ಗೇಜು ಜಾರಿ ಸಿಮೆಂಟು ನೆಲಕ್ಕೆ ಬಿತ್ತು. ಯಾರೂ ನೋಡಲಿಲ್ಲ. ಒರೆಸಿ, ಪಂಪಿನ ಮೇಲೆ ಎರಡನ್ನೂ ಕೂರಿಸಿ ಒತ್ತಿದೆ. ಮಗು ತೊಂಬತ್ತು ತೋರಿಸಿತು, ತಾಯಿ ನೂರಾ ಹದಿನೈದು ತೋರಿಸಿತು.

ಪುಟ್ಟಿ, ನಿನ್ನ ಕಾಲೇಜಿನ ಮೊದಲ ವರ್ಷದ ಹುಡುಗಿಗೂ ಅರ್ಥವಾಗುತ್ತದೆ. ಅಣ್ಣನ ಕಿವಿ ಹೇಳಿದ ಅಂಕೆಯನ್ನೇ ತಾಯಿ ಗೇಜೂ ಹೇಳುತ್ತಿತ್ತು. ನನಗೆ ಹೊಳೆದದ್ದು ಒಂದೇ: ಅಯ್ಯೋ, ಬಿದ್ದು ತಾಯಿ ಕೆಟ್ಟಿತು. ಬಿದ್ದದ್ದು ಅದೇ ಅಲ್ಲವೇ, ತಪ್ಪು ಅದರದ್ದೇ ಇರಬೇಕು. ಬೀಳಿಸಿದೆ ಅಂತ ಒಪ್ಪಿಕೊಂಡರೆ ಕೆಲಸ ಹೋಗುತ್ತದೆ. ಬಾಯ್ಲರಿನ ಆ ಗೇಜೋ ಒಂಬತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿದ್ದಲ್ಲ. ಒಳಗಿನ ಚಕ್ರದ ಹಲ್ಲು ಸವೆದು ಮುಳ್ಳು ಹಿಂದೆ ಬೀಳುತ್ತಿರಬಹುದು ಎಂಬ ಯೋಚನೆಯೇ ಸುಳಿಯಲಿಲ್ಲ. ತಾಯಿಯ ಗಾಜು ಬಿಚ್ಚಿದೆ, ಮುಳ್ಳು ಕಿತ್ತೆ, ಮಗುವಿಗೆ ಸರಿಯಾಗಿ ತೊಂಬತ್ತಕ್ಕೆ ಕೂರಿಸಿದೆ.

ಸಂಜೆ ಅಣ್ಣ ಬಂದ, ಜೊತೆಗೆ ಎಂಜಿನಿಯರು. ನಾವೆಲ್ಲ ಬೆನ್ನ ಹಿಂದೆ ಅವನನ್ನು ಕನ್ನಡಕ ಅನ್ನುತ್ತಿದ್ದೆವು. ಇಬ್ಬರ ಎದುರಿಗೇ ಪಂಪು ಒತ್ತಿ ತೋರಿಸಿದೆ. ಎರಡು ಮುಳ್ಳೂ ಅಣ್ಣತಮ್ಮಂದಿರ ಹಾಗೆ ಒಟ್ಟಿಗೇ ನಡೆದವು. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಅನ್ನುತ್ತಾರಲ್ಲ, ನಾನು ಬೇಲಿಗೂ ಓತಿಕ್ಯಾತವನ್ನೇ ಸಾಕ್ಷಿ ನಿಲ್ಲಿಸಿದ್ದೆ. ಕನ್ನಡಕ ನಕ್ಕು, "ಎರಡು ಗೇಜು ಒಂದು ಕಡೆ, ಒಂದು ಕಿವಿ, ವಾಲ್ವಿನ ಒಂದು ತುಕ್ಕು ಹಿಡಿದ ಸ್ಪ್ರಿಂಗು ಇನ್ನೊಂದು ಕಡೆ. ವಾಲ್ವು ಬಿಗಿ ಮಾಡಯ್ಯಾ" ಅಂದ.

ಅಣ್ಣ ಎರಡು ದಿನ ಮಾಡಲಿಲ್ಲ. ಬುಧವಾರ ಮತ್ತೆ ನನ್ನ ಹತ್ತಿರ ಬಂದು, "ನೀನು ಖಚಿತವಾಗಿ ಹೇಳ್ತೀಯೇನೋ?" ಅಂತ ಕೇಳಿದ. "ನನ್ನಾಣೆ ಅಣ್ಣ" ಅಂದೆ. ಅವನು ಕಿವಿಯೊಳಗೆ ಬೆರಳು ಹಾಕಿ ಅಲ್ಲಾಡಿಸಿ, "ಹಾಗಾದ್ರೆ ನನ್ನ ಕಿವಿಗೇ ವಯಸ್ಸಾಯ್ತು ಬಿಡು" ಅಂದು ಹೋಗಿ ವಾಲ್ವು ಬಿಗಿ ಮಾಡಿದ. ಇನ್ನು ಒಳಗಿನ ಒತ್ತಡ ನಿಜವಾಗಿ ನೂರಾ ನಲವತ್ತು ಮುಟ್ಟುವವರೆಗೆ ಅದು ಬಾಯಿ ಬಿಡುವಂತಿರಲಿಲ್ಲ. ಅಹಂಕಾರ ಅಂತ ಬರೆದಿದ್ದೀಯ. ಅವನು ಮಾಡಿದ ಒಂದೇ ತಪ್ಪು ತನ್ನ ಕಿವಿಯನ್ನು ಬಿಟ್ಟು ನನ್ನನ್ನು ನಂಬಿದ್ದು.

ಗುರುವಾರ ಹನ್ನೊಂದು ಗಂಟೆಗೆ ಎರಡನೇ ಬಾಯ್ಲರು ಸಿಡಿಯಿತು. ಹಳೇ ಬಾಯ್ಲರು, ತೇಪೆಯ ಮೇಲೆ ತೇಪೆ. ಶಬ್ದ ನನಗೆ ಕೇಳಿಸಲೇ ಇಲ್ಲ, ಎದೆಗೆ ಬಂದು ಗುದ್ದಿತು. ಹೊರಗೆ ಓಡಿದರೆ ಬಾಯ್ಲರಿನ ಅರ್ಧ ಹೊಟ್ಟೆ ಗೋಡೆ ಒಡೆದು ನೂಲು ಸುತ್ತುವ ಕೋಣೆಯೊಳಗೆ ಹೋಗಿ ಬಿದ್ದಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ಹೆಂಗಸರು. ಹಬೆಯಲ್ಲಿ ಕೈ ಹಾಕಿ ಒಬ್ಬಳ ತೋಳು ಹಿಡಿದು ಎಳೆದೆ, ಬೇಯಿಸಿದ ಗೆಣಸಿನ ಸಿಪ್ಪೆಯ ಹಾಗೆ ಚರ್ಮ ನನ್ನ ಕೈಯಲ್ಲಿ ಉಳಿಯಿತು, ಅವಳು ಅಲ್ಲೇ ಉಳಿದಳು. ಇನ್ನೊಬ್ಬಳು ಇಟ್ಟಿಗೆಯಡಿ ಸೊಂಟದವರೆಗೆ ಹೂತು, ಕಣ್ಣು ತೆರೆದುಕೊಂಡು, "ಮಿಷನ್ ನಿಲ್ಸಿ, ನೂಲು ಕಡಿದುಹೋಗುತ್ತೆ" ಅನ್ನುತ್ತಿದ್ದಳು. ಹಾಗೇ ಅನ್ನುತ್ತ ಸತ್ತಳು. ಕಲ್ಲಿದ್ದಲು ಹಾಕುತ್ತಿದ್ದವರಲ್ಲಿ ಒಬ್ಬನ ತಲೆ ಸಿಗಲೇ ಇಲ್ಲ. ಬಾಯ್ಲರಿನ ಗೇಜು ನೂರು ಗಜದಾಚೆ ಚೂರುಚೂರಾಗಿ ಬಿದ್ದಿತ್ತು.

ಅಣ್ಣನಿಗೆ ಒಂದು ಗೀರೂ ಆಗಿರಲಿಲ್ಲ. ಐದು ನಿಮಿಷದ ಹಿಂದೆ, "ಇಲ್ಲ, ಇದರ ಉಸಿರು ಸರಿಯಿಲ್ಲ" ಅಂತ ಒಲೆಯಿಂದ ಉರಿಯುವ ಕಲ್ಲಿದ್ದಲು ಹೊರಗೆಳೆಯಲು ಹೇಳಿ, ಬಾಯ್ಲರು ನಿಲ್ಲಿಸುವ ಅಪ್ಪಣೆ ಕೇಳಲು ಕನ್ನಡಕನ ಕೋಣೆಗೆ ಓಡಿದ್ದನಂತೆ. ಅದೇ ಅವನಿಗೆ ಮುಳುವಾಯಿತು. ಹದಿಮೂರು ಹೆಣ ಅಂಗಳದಲ್ಲಿ ಮಲಗಿದ್ದಾಗ ಬಾಯ್ಲರ್ ಕಾಯುವವನು ನೆಟ್ಟಗೆ ನಿಂತಿದ್ದರೆ ಜನ ಬಿಡುತ್ತಾರೆಯೇ? ಕನ್ನಡಕ ಹತ್ತಿ ಮೂಟೆಯ ಮೇಲೆ ಹತ್ತಿ, "ವಾಲ್ವು ಬಿಗಿ ಮಾಡಿದ್ದು ಯಾರು ಅಂತ ಅವನನ್ನೇ ಕೇಳಿ!" ಅಂತ ಕೂಗಿದ. ಇನ್ನೂರು ಮುನ್ನೂರು ಜನ. ಹೆಂಡತಿ ಸತ್ತ ನೇಕಾರನೊಬ್ಬ ನನ್ನ ಕೊರಳಪಟ್ಟಿ ಹಿಡಿದು, "ನೀನು ಹೇಳಯ್ಯಾ, ಗೇಜು ಸರಿಯಿತ್ತಾ?" ಅಂತ ಕಿರುಚಿದ.

"ಸರಿಯಿತ್ತು. ನಾನೇ ನೋಡಿದ್ದೆ" ಅಂದೆ.

ಅಣ್ಣ ನನ್ನ ಕಡೆ ತಿರುಗಿದ. ಮೊದಲ ಏಟು ಬಿತ್ತು. ಆಮೇಲೆ ಲೆಕ್ಕವಿಲ್ಲ. ಮಗ್ಗದ ಕೋಲು, ಇಟ್ಟಿಗೆ, ಕಬ್ಬಿಣದ ಸಲಾಕೆ, ಬರಿಗಾಲು. ಅವನು ಕೈಯೆತ್ತಿ ತಲೆ ಮುಚ್ಚಿಕೊಂಡರೆ ಕೈಗೆ ಹೊಡೆದರು, ಬಿದ್ದರೆ ಪಕ್ಕೆಗೆ ಒದ್ದರು. ಪಕ್ಕೆಲುಬು ಮುರಿದದ್ದು ನನಗೆ ಕೇಳಿಸಿತು. ನೇಕಾರ ಅವನ ಕಿವಿಯನ್ನೇ ಗುರಿ ಮಾಡಿ ಸಲಾಕೆಯಿಂದ ಹೊಡೆಯುತ್ತ, "ಈಗ ಕೇಳು, ಈಗ ಕೇಳು" ಅನ್ನುತ್ತಿದ್ದ. ಪೊಲೀಸರು ಬರುವಷ್ಟರಲ್ಲಿ ಅಂಗಳದಲ್ಲಿ ಹದಿನಾಲ್ಕನೆಯವನು ಮಲಗಿದ್ದ. ಉಸಿರಾಡುತ್ತಿದ್ದ, ಅಷ್ಟೇ. ಆಸ್ಪತ್ರೆಯಲ್ಲಿ ಮೂರು ದಿನ ಇದ್ದು ಹೋದ.

ವಿಚಾರಣೆಯಲ್ಲೂ ನಾನು ಅದೇ ಮಾತು ಹೇಳಿದೆ. ಗೇಜು ಸರಿಯಿತ್ತು. ಎರಡು ತಿಂಗಳಿಗೆ ತಾಯಿ ಗೇಜು ವರ್ಷದ ಪರೀಕ್ಷೆಗೆ ಹೋಗಿ ವಾಪಸು ಬಂತು, ಜೊತೆಗೊಂದು ಚೀಟಿ: "ಒಳಗಿನ ಯಂತ್ರ ನಿರ್ದೋಷ. ಯಾರೋ ಮುಳ್ಳು ಕಿತ್ತು ಇಪ್ಪತ್ತೈದು ಹಿಂದಕ್ಕೆ ಕೂರಿಸಿದ್ದಾರೆ." ಬಿದ್ದರೂ ಅದು ಕೆಟ್ಟಿರಲಿಲ್ಲ ಪುಟ್ಟಿ. ನಿಜವನ್ನೇ ಹೇಳುತ್ತಿತ್ತು, ನಾನು ಅದರ ಬಾಯಿಗೆ ಸುಳ್ಳು ತುರುಕಿದ್ದೆ. ಚೀಟಿಯನ್ನು ಸ್ಟವ್ವಿಗೆ ಹಿಡಿದೆ.

ಆಮೇಲಿನದು ನಿನಗೆ ಗೊತ್ತು. ನಿನ್ನನ್ನೂ ಅತ್ತಿಗೆಯನ್ನೂ ನನ್ನ ಮನೆಗೆ ಕರೆತಂದೆ. ನಿನಗೆ ಜಡೆ ಹಾಕುವುದನ್ನು ಕಲಿತೆ, ಲೆಕ್ಕ ಹೇಳಿಕೊಟ್ಟೆ. ಅಪ್ಪ ಯಾಕೆ ಸತ್ತ ಅಂತ ನೀನು ಕೇಳಿದಾಗಲೆಲ್ಲ "ಗೇಜು ನಂಬಲಿಲ್ಲ ಮಗಳೇ, ನೀನು ಯಾವಾಗಲೂ ಗೇಜು ನಂಬು" ಅಂದೆ. ಅದನ್ನು ನಂಬಿಯೇ ನೀನು ಅಳತೆಯ ಚರಿತ್ರೆ ಓದಲು ಹೊರಟೆ. ಅತ್ತಿಗೆ ಸಾಯುವವರೆಗೂ ನನ್ನನ್ನು "ದೇವರಂಥ ಮೈದುನ" ಅನ್ನುತ್ತಿದ್ದಳು. ಆ ಮಾತು ಕೇಳಿದಾಗೆಲ್ಲ ಹಿತ್ತಿಲಿಗೆ ಹೋಗಿ ತಲೆ ಗೋಡೆಗೆ ಚಚ್ಚಿಕೊಳ್ಳೋಣ ಅನ್ನಿಸುತ್ತಿತ್ತು. ಚಚ್ಚಿಕೊಳ್ಳಲಿಲ್ಲ. ಊಟಕ್ಕೆ ಕೂರುತ್ತಿದ್ದೆ.

ಶುಕ್ರವಾರದೊಳಗೆ ಆ ಎರಡು ವಾಕ್ಯ ತೆಗೆ. ಅಲ್ಲಿ ನಾನು ಬರೆದದ್ದನ್ನೆಲ್ಲ ಹಾಕು, ಗೇಜು ಕೋಣೆಯ ತಮ್ಮ ಮಾಡಿದ ಕೆಲಸ ಅಂತಲೇ ಹಾಕು. ಈ ಕಾಗದ ಪೊಲೀಸರಿಗೆ ಕೊಡಬೇಕೆನಿಸಿದರೆ ಕೊಡು. ಮಾಡಿದ್ದುಣ್ಣೋ ಮಹರಾಯ. ನನ್ನ ಕಣ್ಣಿಗೆ ಆ ಪುಸ್ತಕ ಬೀಳುವಾಗ ನಿನ್ನ ಅಪ್ಪ ಅದರಲ್ಲಿ ತಲೆ ಎತ್ತಿ ನಿಂತಿರಬೇಕು, ಅಷ್ಟು ಸಾಕು.

ನೀನು ಚೆನ್ನಾಗಿರು. ನಿನ್ನ ಪೆನ್ನಿಗೆ ಸುಳ್ಳು ಅಂಟದಿರಲಿ, ನಿನ್ನ ಮಕ್ಕಳು ನಿನ್ನ ಮುಖ ನೋಡಿ ನಗುತ್ತಿರಲಿ. ಆಶೀರ್ವಾದ ಮಾಡುವ ಯೋಗ್ಯತೆ ಇಲ್ಲದಿದ್ದರೂ ಅಭ್ಯಾಸ ಬಿಡುವುದಿಲ್ಲ ನೋಡು.

ನಿನ್ನ
ಚಿಕ್ಕಪ್ಪ

ಮತ್ತೆ: ಲಕೋಟೆಗೆ ಹಾಕಿ ಅಂಟಿಸಿದವನು ಮತ್ತೆ ಹರಿದು ತೆಗೆದೆ. ಮೊದಲ ಏಟಿನ ವಿಷಯದಲ್ಲಿ ಮೇಲೆ ಜಾರಿಕೊಂಡಿದ್ದೇನೆ. ಅದು ನನ್ನದು. ಅಣ್ಣ ನನ್ನ ಕಡೆ ತಿರುಗಿದವನು ಏನೋ ಹೇಳಲು ಬಾಯಿ ತೆರೆದ. ನನ್ನ ವಿಷಯ ಹೇಳಿಬಿಡುತ್ತಾನೆ, ಜನ ನನ್ನನ್ನು ಸಿಗಿದು ಹಾಕುತ್ತಾರೆ ಅನ್ನಿಸಿತು. ಕೈಯಲ್ಲಿ ಪೈಪಿನ ಸ್ಪ್ಯಾನರ್ ಇತ್ತು. ತೆರೆದ ಬಾಯಿಗೇ ಹೊಡೆದೆ. ದವಡೆ ಮುರಿಯಿತು. ತಮ್ಮನೇ ಹೊಡೆದ ಮೇಲೆ ಉಳಿದವರಿಗೆ ಇನ್ನೇನು ತಡೆ? ಎಲ್ಲರ ಕೈಗೂ ರಕ್ತ ಅಂಟಿದ್ದರಿಂದ ಆಮೇಲೆ ನನ್ನ ಹೆಸರನ್ನು ಯಾರೂ ಎತ್ತಲಿಲ್ಲ. ಆಸ್ಪತ್ರೆಯಲ್ಲಿ ಮಾತಾಡಲಾಗದೆ ಇದ್ದವನಿಗೆ, ಅಕ್ಷರ ಬಾರದವನು ಅಂತ, ಪೊಲೀಸರು ಬೆರಳು ತೋರಿಸಲು ಹೇಳಿದರು. ಅವತ್ತು ಗುಂಪಿನ ಮುಂದಿದ್ದ ಗಿರಣಿಯವರನ್ನು, ನನ್ನನ್ನೂ ಸೇರಿಸಿ, ಮಂಚದ ಸುತ್ತ ನಿಲ್ಲಿಸಿ, "ಮೊದ್ಲು ಹೊಡೆದವನು ಇವರಲ್ಲಿ ಯಾರು?" ಅಂತ ಕೇಳಿದರು. ಅವನು ಒಬ್ಬೊಬ್ಬರನ್ನೇ ನೋಡುತ್ತ ಬಂದ. ನನ್ನ ಮೇಲೆ ಕಣ್ಣು ನಿಲ್ಲಿಸಿದ, ಬಹಳ ಹೊತ್ತು ನೋಡಿದ. ಆಮೇಲೆ ಪೊಲೀಸಿನವನ ಕಡೆ ತಿರುಗಿ, ಇವರಲ್ಲಿ ಯಾರೂ ಇಲ್ಲ ಅಂತ ತಲೆ ಅಲ್ಲಾಡಿಸಿದ.