ಬೇಕು ಎಡದಿಂದ, ಬೇಡ ಬಲದಿಂದ

ಮಾರ್ಚ್ 3, ಬೆಳಿಗ್ಗೆ

ಮತ್ತೆ ಅದೇ ಆಸ್ಪತ್ರೆ ಕುರ್ಚಿ, ತೊಡೆಯ ಮೇಲೆ ಲ್ಯಾಪ್‌ಟಾಪ್. ಸ್ಟ್ರೋಕ್ ಆದಾಗಿನಿಂದ ಅಣ್ಣನ ಗಂಟಲಲ್ಲಿ ನಳಿಗೆ, ಮಾತಿಲ್ಲ. ಎಡಗೈ ಬಿದ್ದಿದೆ, ಬಲಗೈ ಆಡುತ್ತದೆ. ಅದಕ್ಕೇ ಟ್ಯಾಬ್‌ನಲ್ಲಿ ಮುಟ್ಟಿ ಉತ್ತರ ಹೇಳಲು ಎರಡು ಬಟನ್. ಜಾವಾಸ್ಕ್ರಿಪ್ಟ್‌ನಲ್ಲಿ ರೆಡಿ ಸಿಗುವ ಎರಡು ಸ್ಲೈಡ್ ಎಫೆಕ್ಟ್ ಸೇರಿಸಿ ನನ್ನದೇ ಒಂದು ಮಾಡಿದೆ — ಎಡದಿಂದ 'ಬೇಕು' ಜಾರಿ ಬರುತ್ತದೆ, ಬಲದಿಂದ 'ಬೇಡ', ಪಕ್ಕಪಕ್ಕ ನಿಲ್ಲುತ್ತವೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಾರ್ಚ್ 4

ವ್ಯಾಯಾಮ? ಬೇಡ. ರೇಡಿಯೋ? ಬೇಡ. ಅತ್ತಿಗೆ ಕೇಳಿದರು, "ನಾನು ಪಕ್ಕದಲ್ಲೇ ಕೂತಿರ್ಲಾ?" ಬೇಡ. ಅತ್ತಿಗೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡರು. ಆದರೂ ಅಳು ಕೇಳಿಸಿತು.

ಮಾರ್ಚ್ 7

ಡಾಕ್ಟರ್ ಹೇಳಿದರು: "ಅವರೇ ಬೇಡ ಅಂತಿದ್ದಾರಲ್ಲಮ್ಮ. ಬಲವಂತ ಮಾಡೋಕಾಗಲ್ಲ. ನಾಳೆ ಕೊನೇ ಸಲ ಕೇಳ್ತೀನಿ. ಬೇಡ ಅಂದ್ರೆ ವ್ಯಾಯಾಮ ನಿಲ್ಲಿಸ್ತೀವಿ."

ನಿಲ್ಲಿಸಿದರೆ ಅಣ್ಣ ಮತ್ತೆ ನಡೆಯುವುದಿಲ್ಲ. ಬದುಕುವುದೇ ಬೇಡವಾ ಇವನಿಗೆ? ಮೊದಲು ಸಿಟ್ಟು ಬಂತು. ಆಮೇಲೆ ಭಯ. ಏನೂ ತೋಚುತ್ತಿಲ್ಲ...

ಅದೇ ದಿನ, ಸಂಜೆ

ಅಣ್ಣ ತಲೆ ಬಾಚಿಕೊಂಡ. ಬಲಗಡೆ ಮಾತ್ರ. ಎಡಗಡೆ ಕಾಗೆ ಗೂಡು.

"ಪುಟ್ಟಿ, ನಿಮ್ಮಣ್ಣಂಗೆ ಅರ್ಧ ತಲೆ ಮರ್ತೇ ಹೋಗಿದೆ ನೋಡು," ಅಂದರು ಅತ್ತಿಗೆ.

ನನಗೆ ನಗು ಬರಲಿಲ್ಲ. ಎಡಗಡೆ ಇರುವುದು ಅವನ ಗಮನಕ್ಕೇ ಬರುವುದಿಲ್ಲ, ಬಲಗಡೆ ನಿಂತು ಮಾತಾಡಿಸಿ ಅಂತ ನರ್ಸ್ ಮೊದಲ ದಿನವೇ ಹೇಳಿದ್ದರು. ನಾನು 'ಬೇಕು' ಇಟ್ಟದ್ದು ಎಡಕ್ಕೆ. ಅವನ ಪಾಲಿಗೆ ಇದ್ದದ್ದು ಒಂದೇ ಬಟನ್. ಅಣ್ಣನ ಬಾಯಿ ಕಟ್ಟಿದವಳು ನಾನೇ.

ಮಾರ್ಚ್ 8, ಬೆಳಿಗ್ಗೆ

ಎರಡೂ ಬಲದಿಂದಲೇ ಬರಬೇಕು, ಒಂದಾದ ಮೇಲೆ ಒಂದು. ಜಾರಿ ಬಂದು, ನಿಂತು, ಮಸುಕಾಗಿ ಹೋಗಬೇಕು. ಎಫೆಕ್ಟ್‌ಗಳು ನನ್ನ ಮಾತು ಕೇಳುತ್ತಿಲ್ಲ. ಎಲ್ಲ ಒಟ್ಟಿಗೇ ಓಡುತ್ತವೆ — ಎತ್ತು ಏರಿಗೆ, ಕೋಣ ನೀರಿಗೆ. ಒಂದು ಮುಗಿಯುವ ತನಕ ಇನ್ನೊಂದನ್ನು ಕಾಯಿಸುವ ಸಾಲು ಬರೆದೆ. ಅವಸರದಲ್ಲಿ ಒಂದು ಬ್ರಾಕೆಟ್ ಬಿಟ್ಟುಹೋಯಿತು. ಸ್ಕ್ರೀನ್ ಖಾಲಿ. ಡಾಕ್ಟರ್ ಪಕ್ಕದ ವಾರ್ಡಿಗೆ ಬಂದಾಯಿತು. ದೇವರೇ...

ಹತ್ತೂವರೆ

ಓಡಿತು. ವ್ಯಾಯಾಮ? 'ಬೇಡ' ಬಂದು ಹೋಯಿತು, ಮುಟ್ಟಲಿಲ್ಲ. 'ಬೇಕು' ಬಂತು, ಮುಟ್ಟಿದ. ಡಾಕ್ಟರಿಗೆ ಅನುಮಾನ, ಬಟನ್ ಬರುವ ಸರದಿ ಹಿಂದುಮುಂದು ಮಾಡಿಸಿ ಕೇಳಿದರು. ಆಗಲೂ ಬೇಕು.

ಅತ್ತಿಗೆ ಕುರ್ಚಿಯನ್ನು ಬಲಗಡೆಗೆ ಎಳೆದುಕೊಂಡರು. "ಅವತ್ತು ಪಕ್ಕದಲ್ಲೇ ಕೂತಿರ್ಲಾ ಅಂತ ಕೇಳಿದ್ನಲ್ಲ, ಅದನ್ನ ನಾನೇ ಇನ್ನೊಂದ್ಸಲ ಕೇಳ್ತೀನಿ ಪುಟ್ಟಿ," ಅಂತ ಟ್ಯಾಬ್ ಇಸ್ಕೊಂಡರು. ಸುಮ್ಮನೆ ನೋಡುತ್ತ ಕೂರಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

'ಬೇಡ' ಬಂತು. ನಿಂತಿದೆ. ಅತ್ತಿಗೆ ಉಸಿರಾಡುತ್ತಿಲ್ಲ. ಹೋಯಿತು. 'ಬೇಕು' ಇನ್ನೂ ಪೂರ್ತಿ ಒಳಗೆ ಬಂದಿಲ್ಲ, ಅಣ್ಣನ ಬೆರಳು ಆಗಲೇ ಅದರ ಮೇಲೆ.